ಫಾರ್ಮ್ ತುಂಬಿದ್ದು ಮನುಷ್ಯರೋ, ಯಂತ್ರವೋ? ವೆಬ್‌ಸೈಟಿಗೆ ಕ್ಯಾಪ್ಚಾ ಹಾಕುವ ಬಗೆ

ಚಳಿಗಾಲ ಬಂತೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಮೇಲೆ ದೂರದವರಿಗೂ ಅದರ ಹೆಸರು ಗೊತ್ತಾಗಿದೆ. ನೀವು ಲಕ್ಷ್ಮೇಶ್ವರದಲ್ಲಿ ಲಾಡ್ಜ್ ಇಟ್ಟುಕೊಂಡಿದ್ದೀರಿ, ಕೆರೆ ನೋಡುವವರಿಗೆ ಕಾರನ್ನೂ ಕೊಡುತ್ತೀರಿ ಎಂದಿಟ್ಟುಕೊಳ್ಳಿ. ಸಣ್ಣದೊಂದು ವೆಬ್‌ಸೈಟ್ ಮಾಡಿಸಿ ಬುಕಿಂಗ್ ಫಾರ್ಮ್ ಇಟ್ಟಿರಿ: ಹೆಸರು, ಮೊಬೈಲ್ ನಂಬರ್, ಬರುವ ದಿನಾಂಕ. ಸ್ವಲ್ಪ ದಿನದಲ್ಲೇ ಇನ್‌ಬಾಕ್ಸ್ ತುಂಬಿತು. ತೆರೆದು ನೋಡಿದರೆ ಒಂದರಲ್ಲಿ ತಲೆಬುಡವಿಲ್ಲದ ಅಕ್ಷರಗಳು, ಇನ್ನೊಂದರಲ್ಲಿ ಯಾವುದೋ ಭಾಷೆಯ ಜಾಹೀರಾತು, ಮತ್ತೊಂದರಲ್ಲಿ ಸಾಲದ ಆಮಿಷ. ನಿಜವಾದ ಗಿರಾಕಿಯ ಬುಕಿಂಗ್ ಇವುಗಳ ನಡುವೆ ಎಲ್ಲೋ ಸಿಕ್ಕಿಕೊಂಡಿದೆ.

ಇದೆಲ್ಲ ಬಾಟ್‌ಗಳ ಕೆಲಸ. ಬಾಟ್ ಎಂದರೆ ತಾನೇ ವೆಬ್‌ಸೈಟುಗಳನ್ನು ಹುಡುಕಿ ಫಾರ್ಮ್ ತುಂಬುತ್ತಾ ಹೋಗುವ ಪ್ರೋಗ್ರಾಂ. ಅದಕ್ಕೆ ನಿಮ್ಮ ಲಾಡ್ಜೂ ಒಂದೇ, ಬೆಂಗಳೂರಿನ ದೊಡ್ಡ ಹೋಟೆಲೂ ಒಂದೇ. ಹಾಗಾಗಿ ‘ನಮ್ಮಂಥ ಸಣ್ಣವರ ಸೈಟಿಗೆ ಯಾರು ಬರ್ತಾರೆ ಬಿಡ್ರಿ’ ಎಂದು ಸುಮ್ಮನಿರುವಂತಿಲ್ಲ. ಕಸ ಬಿದ್ದರೆ ಅಳಿಸಬಹುದು. ಆದರೆ ಫಾರ್ಮ್ ಒಟಿಪಿ ಕಳಿಸುವಂಥದ್ದಾದರೆ ಪ್ರತಿ ಎಸ್‌ಎಂಎಸ್‌ಗೂ ನಿಮ್ಮ ದುಡ್ಡು ಹೋಗುತ್ತದೆ. ಲಾಗಿನ್ ಪುಟವಿದ್ದರೆ, ಬೇರೆಲ್ಲೋ ಸೋರಿದ ಪಾಸ್‌ವರ್ಡುಗಳನ್ನು ಬಾಟ್ ಒಂದೊಂದಾಗಿ ಹಾಕಿ ನೋಡುತ್ತದೆ.

ಇದಕ್ಕೆ ಒಂದು ತಡೆ ಕ್ಯಾಪ್ಚಾ. ಆಧಾರ್ ಡೌನ್‌ಲೋಡ್ ಮಾಡುವಾಗ ಸೊಟ್ಟಸೊಟ್ಟ ಅಕ್ಷರಗಳನ್ನು ನೋಡಿ ಟೈಪ್ ಮಾಡಿದ್ದೀರಲ್ಲ, ಅದೇ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲೂಯಿಸ್ ವಾನ್ ಆನ್ ಮತ್ತು ಸಂಗಡಿಗರು ಈ ಉಪಾಯಕ್ಕೆ ಹೆಸರು ಕೊಟ್ಟರು. ವಾನ್ ಆನ್ ಮುಂದೆ ಕಟ್ಟಿದ ರೀಕ್ಯಾಪ್ಚಾವನ್ನು 2009ರಲ್ಲಿ ಗೂಗಲ್ ಕೊಂಡಿತು. ಆಮೇಲೆ ಯಂತ್ರಗಳೂ ಸೊಟ್ಟ ಅಕ್ಷರ ಓದಲು ಕಲಿತವು. 2014ರಲ್ಲಿ ‘ನಾನು ರೋಬೋಟ್ ಅಲ್ಲ’ ಎಂಬ ಚೌಕ ಬಂತು. ಈಗಿನವು ಹೆಚ್ಚಾಗಿ ಏನನ್ನೂ ಕೇಳುವುದಿಲ್ಲ. ಬ್ರೌಸರ್ ಹೇಗೆ ನಡೆದುಕೊಳ್ಳುತ್ತಿದೆ ಎಂದು ಹಿಂದಿನಿಂದಲೇ ನೋಡಿ ತೀರ್ಮಾನಿಸುತ್ತವೆ.

‘ನಮ್ಮ ಹುಡುಗನೇ ನಾಲ್ಕು ಅಕ್ಷರದ ಕ್ಯಾಪ್ಚಾ ಬರೆದುಕೊಡ್ತಾನಂತೆ, ಸಾಲದೇ?’ ಎಂದು ಕೇಳುವಿರಿ. ಬೇಡ. 2021ರ ಮೇ ತಿಂಗಳು ನೆನಪಿರಬಹುದು. 18 ದಾಟಿದವರಿಗೆ ಕೋವಿಡ್ ಲಸಿಕೆ ಶುರುವಾದಾಗ ಕೋವಿನ್‌ನಲ್ಲಿ ಸ್ಲಾಟ್ ಕಾಣುವಷ್ಟರಲ್ಲೇ ಮಾಯವಾಗುತ್ತಿತ್ತು. ಪ್ರೋಗ್ರಾಂ ಬರೆಯಬಲ್ಲವರು ಸ್ಲಾಟ್ ಹಿಡಿಯಲು ಸ್ಕ್ರಿಪ್ಟ್ ಓಡಿಸುತ್ತಿದ್ದರು. ಆ ತಿಂಗಳೇ ಅಲ್ಲಿ ಕ್ಯಾಪ್ಚಾ ಬಂತು. ಆದರೆ ಅದರ ಅಕ್ಷರಗಳು ಎಸ್‌ವಿಜಿ ರೂಪದಲ್ಲಿ, ಅಂದರೆ ಗೆರೆಗಳನ್ನು ಹೇಗೆ ಎಳೆಯಬೇಕೆಂಬ ಲೆಕ್ಕವಾಗಿ, ಬ್ರೌಸರಿಗೆ ಬರುತ್ತಿದ್ದವು. ಆ ಲೆಕ್ಕವನ್ನೇ ಓದಿ ಅಕ್ಷರ ತುಂಬುವ ಸ್ಕ್ರಿಪ್ಟುಗಳೂ ಹಿಂದೆಯೇ ಬಂದವು. ಇಡೀ ದೇಶದ ಲಸಿಕೆ ಸೈಟಿಗೇ ಹೀಗಾದರೆ ನಿಮ್ಮ ಹುಡುಗನನ್ನು ಯಾಕೆ ಕಷ್ಟಕ್ಕೆ ಸಿಕ್ಕಿಸುತ್ತೀರಿ?

ಈಗ ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಕ್ಯಾಪ್ಚಾ ಸೇವೆಯಲ್ಲಿ ನಿಮ್ಮ ಸೈಟಿನ ಹೆಸರು ನೋಂದಾಯಿಸಿದರೆ ಎರಡು ಕೀಲಿ ಕೊಡುತ್ತಾರೆ. ಒಂದು ಸೈಟ್ ಕೀ. ಇದು ಪುಟದಲ್ಲಿ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಇನ್ನೊಂದು ಸೀಕ್ರೆಟ್ ಕೀ. ಇದು ಸರ್ವರಿನಲ್ಲಿ, ಅಂದರೆ ಸೈಟು ನಡೆಸುವ ಕಂಪ್ಯೂಟರಿನಲ್ಲಿ ಮಾತ್ರ ಇರಬೇಕು. ಗಿರಾಕಿ ಫಾರ್ಮ್ ತುಂಬಿದಾಗ ಕ್ಯಾಪ್ಚಾ ಅವರ ಬ್ರೌಸರಿಗೆ ಒಂದು ಟೋಕನ್, ಅಂದರೆ ಚೀಟಿಯಂಥ ಸಂಕೇತ, ಕೊಡುತ್ತದೆ. ಫಾರ್ಮಿನ ಜೊತೆ ಆ ಟೋಕನ್ ನಿಮ್ಮ ಸರ್ವರಿಗೆ ಬರುತ್ತದೆ. ಸರ್ವರ್ ಅದನ್ನು ಸೀಕ್ರೆಟ್ ಕೀ ಜೊತೆ ಕ್ಯಾಪ್ಚಾ ಸೇವೆಗೆ ಕಳಿಸಿ, ‘ಇದು ನಿಮ್ಮದೇನಾ?’ ಎಂದು ಕೇಳುತ್ತದೆ. ಹೌದೆಂದರೆ ಮಾತ್ರ ಬುಕಿಂಗ್ ಒಳಗೆ.

ಬಹಳ ಕಡೆ ಎಡವುವುದು ಈ ಕೊನೆಯ ಹೆಜ್ಜೆಯಲ್ಲೇ. ಪುಟದಲ್ಲಿ ಚೌಕ ಕಾಣುತ್ತದೆ, ಮಾಲೀಕರಿಗೆ ಸಮಾಧಾನ. ಆದರೆ ಸರ್ವರ್ ಟೋಕನ್ ಕೇಳುವುದೇ ಇಲ್ಲ. ನಾಟಕಕ್ಕೆ ಟಿಕೆಟ್ ಮಾರಿ, ಗೇಟಿನಲ್ಲಿ ಅದನ್ನು ಹರಿಯುವವರನ್ನೇ ನಿಲ್ಲಿಸದಿದ್ದರೆ ಆಗುವುದು ಇದೇ. ಬಾಟ್ ನಿಮ್ಮ ಪುಟ ತೆರೆಯುವುದೇ ಇಲ್ಲ, ನೇರ ಸರ್ವರಿಗೆ ಫಾರ್ಮ್ ಕಳಿಸುತ್ತದೆ. ಸೈಟ್ ಮಾಡಿಕೊಟ್ಟವರಿಗೆ ಹಣದ ಕೊನೆಯ ಕಂತು ಕೊಡುವ ಮೊದಲು, ಟೋಕನ್ ಇಲ್ಲದೆ ಒಂದು ಫಾರ್ಮ್ ಕಳಿಸಿ ತೋರಿಸಲು ಹೇಳಿ. ಅದು ತಿರಸ್ಕಾರವಾಗಬೇಕು.

ಟೋಕನ್‌ಗೆ ಆಯುಷ್ಯವೂ ಕಡಿಮೆ. ರೀಕ್ಯಾಪ್ಚಾದ್ದು 2 ನಿಮಿಷ, ಕ್ಲೌಡ್‌ಫ್ಲೇರ್ ಕಂಪನಿಯ ಟರ್ನ್‌ಸ್ಟೈಲ್ ಎಂಬ ಕ್ಯಾಪ್ಚಾದ್ದು 5 ನಿಮಿಷ. ಒಮ್ಮೆ ಬಳಸಿದ್ದು ಮತ್ತೆ ನಡೆಯುವುದಿಲ್ಲ. ಫಾರ್ಮ್ ತುಂಬುತ್ತಿರುವಾಗ ಫೋನ್ ಬಂದು ಮಾತಿಗೆ ನಿಂತವರಿಗೆ ಇದು ತೊಂದರೆ. ಆದ್ದರಿಂದ ಚೌಕವನ್ನು ಫಾರ್ಮಿನ ಕೊನೆಗೆ, ಕಳಿಸುವ ಬಟನ್ನಿನ ಪಕ್ಕ ಇಡಿಸಿ. ಚೌಕವೇ ಕಾಣದ ಬಗೆಯಾದರೆ ಬಟನ್ ಒತ್ತಿದ ಮೇಲೆ ಟೋಕನ್ ತರಿಸಿ.

ಯಾವುದನ್ನು ಆರಿಸಬೇಕು? ಚಿತ್ರದ ಚೌಕಗಳನ್ನು ಒತ್ತಿಸುವುದನ್ನು ನಾನಂತೂ ಹೇಳುವುದಿಲ್ಲ. ‘ಫೈರ್ ಹೈಡ್ರಂಟ್ ಇರುವ ಚಿತ್ರ ಆರಿಸಿ’ ಎನ್ನುತ್ತದೆ. ಅಮೆರಿಕದ ಫುಟ್‌ಪಾತಿನಲ್ಲಿ ಬೆಂಕಿ ಆರಿಸುವವರಿಗೆ ನೀರು ಕೊಡುವ ಆ ಮೋಟು ನಲ್ಲಿಯನ್ನು ಮುಂಡರಗಿಯ ಯಾವ ರಸ್ತೆಯಲ್ಲಿ ನೋಡಿರುತ್ತಾರೆ? ಸಾಲದ್ದಕ್ಕೆ 2024ರಲ್ಲಿ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ಸಂಶೋಧಕರು ಈ ಚಿತ್ರಪರೀಕ್ಷೆಯನ್ನು ಯಂತ್ರದಿಂದಲೇ ಬಿಡಿಸಿ ತೋರಿಸಿದರು. ಗಿರಾಕಿಗೆ ಕಷ್ಟ, ಬಾಟ್‌ಗೆ ಸುಲಭ!

ಸಣ್ಣ ವ್ಯಾಪಾರಕ್ಕೆ ಟರ್ನ್‌ಸ್ಟೈಲ್ ಸಾಕು. ಅದರ ಸಾಮಾನ್ಯ ಬಳಕೆಗೆ ದುಡ್ಡಿಲ್ಲ, ಒಗಟು ಬಿಡಿಸುವುದೂ ಇಲ್ಲ. ನಿಮ್ಮ ಸೈಟ್ ಕ್ಲೌಡ್‌ಫ್ಲೇರ್‌ನಲ್ಲೇ ಇರಬೇಕೆಂದೂ ಇಲ್ಲ, ಅಲ್ಲಿ ಖಾತೆ ತೆರೆದರೆ ಕೀಲಿಗಳು ಸಿಗುತ್ತವೆ. ಗೂಗಲ್‌ನ ರೀಕ್ಯಾಪ್ಚಾಗೆ ಜಿಮೇಲ್ ಖಾತೆ ಸಾಕು. ತಿಂಗಳಿಗೆ 10,000 ಪರಿಶೀಲನೆವರೆಗೆ ಉಚಿತ, ಮೇಲಿನದಕ್ಕೆ ದುಡ್ಡು. ಅದರ ಸಂದೇಶಗಳು ಕನ್ನಡದಲ್ಲಿ ಬರುವಂತೆಯೂ ಮಾಡಬಹುದು. ಸೈಟ್ ಮಾಡುವವರಿಗೆ ಭಾಷೆಯ ಜಾಗದಲ್ಲಿ ‘ಕೆಎನ್’ ಎಂದು ಹಾಕಲು ಹೇಳಿದರೆ ತಿಳಿಯುತ್ತದೆ. ಸೈಟ್ ವರ್ಡ್‌ಪ್ರೆಸ್‌ನದಾದರೆ ಕೋಡ್ ಬರೆಯಬೇಕಿಲ್ಲ. ಎರಡಕ್ಕೂ ಪ್ಲಗಿನ್‌ಗಳಿವೆ, ಅಂದರೆ ಸೈಟಿಗೆ ಜೋಡಿಸುವ ಸಿದ್ಧ ತುಣುಕುಗಳು. ಕೀಲಿ ಅಂಟಿಸಿದರೆ ಸರ್ವರಿನ ಪರಿಶೀಲನೆಯನ್ನೂ ಅವೇ ಮಾಡುತ್ತವೆ.

ಜೊತೆಗೊಂದು ಖರ್ಚಿಲ್ಲದ ಉಪಾಯವಿದೆ, ಹನಿಪಾಟ್. ಫಾರ್ಮಿನಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಇಡುವುದು. ಮನುಷ್ಯರು ಅದನ್ನು ತುಂಬುವುದಿಲ್ಲ, ಬಾಟ್ ತುಂಬುತ್ತದೆ. ತುಂಬಿದ್ದನ್ನು ಎಸೆದರಾಯಿತು. ಒಟಿಪಿ ಇದ್ದರೆ ಒಂದು ನಂಬರಿಗೆ ಗಂಟೆಗೆ ಇಷ್ಟೇ ಎಂದು ಮಿತಿಯನ್ನೂ ಹಾಕಿಸಿ. ಯಾಕೆಂದರೆ ಕ್ಯಾಪ್ಚಾ ಬಿಡಿಸಲು ಕೂಲಿ ಕೊಟ್ಟು ಜನರನ್ನೇ ಕೂರಿಸುವವರಿದ್ದಾರೆ. ಅವರನ್ನು ಯಾವ ಕ್ಯಾಪ್ಚಾವೂ ಪೂರ್ತಿ ತಡೆಯಲಾರದು.

ಎಲ್ಲ ಪುಟಕ್ಕೂ ಕ್ಯಾಪ್ಚಾ ಹಾಕಬೇಡಿ. ಕೆರೆಯ ಫೋಟೋ ನೋಡಲು, ಬಾಡಿಗೆ ದರ ಓದಲು ಯಾರನ್ನೂ ಪರೀಕ್ಷಿಸಬೇಕಿಲ್ಲ. ಬುಕಿಂಗ್, ಲಾಗಿನ್, ಒಟಿಪಿ ಇರುವಲ್ಲಿ ಸಾಕು. ಕಣ್ಣು ಕಾಣದವರು, ನೆಟ್‌ವರ್ಕ್ ಸರಿಯಿಲ್ಲದವರು ಅಲ್ಲೇ ಸಿಕ್ಕಿಬೀಳಬಾರದು. ಅದಕ್ಕೆ ಫಾರ್ಮಿನ ಕೆಳಗೆ ಲಾಡ್ಜಿನ ಫೋನ್ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆಸಿ. ಸಂಜೆ ಆ ಫೋನ್ ಎತ್ತಲು ಒಬ್ಬರು ಇರಲಿ.