ಸವೆದ ಕೀಲು

ಹಿಂದೆ ಗಾಡಿ ಹೂಡಿಕೊಂಡು ದೂರದ ಊರಿಗೆ ಹೊರಡುವ ರೈತನು ಎರಡು ಕೆಲಸಗಳನ್ನು ಮರೆಯುತ್ತಿರಲಿಲ್ಲ. ಅಚ್ಚಿಗೆ ಕೀಲೆಣ್ಣೆ ಹಾಕುವುದು ಒಂದು. ಕಡೆಗೀಲು ಭದ್ರವಾಗಿದೆಯೇ ಎಂದು ಮುಟ್ಟಿ ನೋಡುವುದು ಮತ್ತೊಂದು. ಗೇಣುದ್ದವೂ ಇಲ್ಲದ ಆ ಕೀಲು ಕಳಚಿದರೆ ಇಡೀ ಚಕ್ರವೇ ಉರುಳಿಹೋಗುವುದೆಂಬುದನ್ನು ಅವನು ಬಲ್ಲವನಾಗಿದ್ದನು. ಇಂದು ಗಾಡಿಯ ಸ್ಥಾನಕ್ಕೆ ಲಾರಿ ಬಂದಿದೆ. ಆದರೆ ಚಿಕ್ಕ ಕೀಲಿನ ಮೇಲೆ ದೊಡ್ಡ ಭಾರ ನಿಂತಿರುವ ಸಂಗತಿ ಬದಲಾಗಿಲ್ಲ.

ಮಂಗಳೂರಿನಿಂದ ಹಾಸನದ ಕಡೆಗೆ ಶಿರಾಡಿ ಘಾಟಿಯನ್ನು ಏರುವ ಲಾರಿಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 2018ರಲ್ಲಿ ಪರಿಷ್ಕೃತವಾದ ನಿಯಮದಂತೆ ಎರಡು ಅಚ್ಚುಗಳ, ಆರು ಗಾಲಿಗಳ ಲಾರಿಯು ಸರಕೂ ಸೇರಿ 18.5 ಟನ್ ತೂಗಬಹುದು. ಅದರಲ್ಲಿ 7 ಟನ್‌ವರೆಗಿನ ಭಾರ ಮುಂದಿನ ಎರಡು ಗಾಲಿಗಳ ಮೇಲೆ ಬೀಳುತ್ತದೆ. ಹೊರುವುದರ ಜೊತೆಗೆ ದಾರಿಗೆ ತಕ್ಕಂತೆ ತಿರುಗುವ ಹೊಣೆಯೂ ಅವುಗಳದೇ.

ಲಾರಿಯ ಮುಂಭಾಗದಲ್ಲಿ ಅಡ್ಡಲಾಗಿರುವ ಉಕ್ಕಿನ ತೊಲೆಯೇ ಅಚ್ಚು. ಅದರ ಮೇಲೆ ಎರಡೂ ಬದಿಗಳಲ್ಲಿ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಅಡಕವಾಗಿ ಜೋಡಿಸಿ, ಯು ಆಕಾರದ ಬೋಲ್ಟುಗಳಿಂದ ಬಿಗಿದಿರುತ್ತಾರೆ. ರಸ್ತೆಯ ಪೆಟ್ಟನ್ನು ಈ ಪಟ್ಟಿಗಳು ತಾಳಿಕೊಳ್ಳುತ್ತವೆ. ಭಾರಕ್ಕೆ ಪಟ್ಟಿ ಚಪ್ಪಟೆಯಾದಾಗ ಅದರ ತುದಿಗಳ ನಡುವಣ ದೂರ ಹೆಚ್ಚುವುದರಿಂದ, ಒಂದು ತುದಿಯನ್ನು ಶ್ಯಾಕಲ್ ಎಂಬ ತೂಗಾಡುವ ಕೊಂಡಿಗೆ ಸೇರಿಸಿರುತ್ತಾರೆ. ಅಚ್ಚಿನ ಎರಡು ಕೊನೆಗಳಲ್ಲಿಯೂ ದಪ್ಪನೆಯ ಉಕ್ಕಿನ ಗೂಟವೊಂದು ನಿಂತಿದೆ. ಇದೇ ಕಿಂಗ್‌ಪಿನ್. ಬಾಗಿಲು ಕೀಲಿನ ಸುತ್ತ ತಿರುಗುವಂತೆ ಗಾಲಿಯು ಇದರ ಸುತ್ತ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಲೋಹಕ್ಕೆ ಲೋಹ ಉಜ್ಜಿ ಪಿನ್ನು ಹಾಳಾಗದಿರಲೆಂದು ಅದರ ಸುತ್ತ ಬುಷ್ ಎಂಬ ಮೆದು ಲೋಹದ ಕೊಳವೆಯನ್ನು ಇಟ್ಟು ಗ್ರೀಸ್ ತುಂಬುತ್ತಾರೆ.

ಲಕ್ಷಾಂತರ ಕಿಲೋಮೀಟರು ಓಡಿದ ಲಾರಿಯಲ್ಲಿ ಈ ಬುಷ್ ಸವೆಯದೆ ಇರದು. ಗ್ರೀಸ್ ಒಣಗಿ, ಧೂಳು ನೀರುಗಳು ಒಳಸೇರಿದರೆ ಸವೆತ ಇನ್ನೂ ಬೇಗ. ಆದರೆ ಅದು ಒಮ್ಮೆಲೇ ಬರುವುದಿಲ್ಲ. ದಿನಕ್ಕೆ ಕೂದಲೆಳೆಗಿಂತಲೂ ಕಡಿಮೆ. ಸ್ಟೀರಿಂಗ್ ತುಸು ಸಡಿಲವಾದರೆ ಚಾಲಕನ ಕೈ ತಾನಾಗಿಯೇ ಅದಕ್ಕೆ ಹೊಂದಿಕೊಳ್ಳುತ್ತದೆ. ‘ನನ್ನ ಗಾಡಿಯ ಗುಣವೇ ಹೀಗೆ’ ಎಂದು ಅವನು ಸಮಾಧಾನಪಡುತ್ತಾನೆ. ನಿತ್ಯವೂ ಜೊತೆಯಲ್ಲಿರುವವನ ಕಣ್ಣಿಗೇ ದೋಷ ಕಾಣದೆ ಹೋಗುವುದು ಸವೆತದ ನಿಜವಾದ ಅಪಾಯ.

ಆದುದರಿಂದ ಜಾಣನಾದ ಮೇಸ್ತ್ರಿಯು ಕೈಯ ಅಭ್ಯಾಸವನ್ನು ನಂಬದೆ ಪರೀಕ್ಷೆಯನ್ನು ನಂಬುತ್ತಾನೆ. ಹಿಂದಿನ ಗಾಲಿಗಳಿಗೆ ಅಡೆ ಕೊಟ್ಟು, ಮುಂದಿನ ಗಾಲಿಯನ್ನು ಜಾಕಿನಿಂದ ಎತ್ತಿ, ಅಚ್ಚಿನ ಕೆಳಗೆ ಭದ್ರವಾದ ಆಧಾರವಿಡುತ್ತಾನೆ. ಬರಿಯ ಜಾಕನ್ನು ನಂಬಿ ಲಾರಿಯ ಕೆಳಗೆ ಹೋಗುವುದು ಪ್ರಾಣಕ್ಕೆ ಎರವು. ಬಳಿಕ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸುತ್ತಾನೆ. ಅಲುಗಾಟ ಕಂಡರೆ ಸಹಾಯಕನಿಗೆ ಬ್ರೇಕ್ ತುಳಿಯಲು ಹೇಳುತ್ತಾನೆ. ಆಗ ಅಲುಗಾಟ ನಿಂತರೆ ದೋಷ ಗಾಲಿಯ ಬೇರಿಂಗಿನದು, ನಿಲ್ಲದಿದ್ದರೆ ಕಿಂಗ್‌ಪಿನ್ನಿನದು. ಪಟ್ಟಿಗಳಲ್ಲಿ ಬಿರುಕಿದೆಯೇ, ಶ್ಯಾಕಲಿನ ಬುಷ್ ಸವೆದಿದೆಯೇ ಎಂಬುದನ್ನೂ ಹಾರೆಯಿಂದ ಮೀಟಿ ನೋಡುತ್ತಾನೆ.

ಸವೆದ ಭಾಗವನ್ನು ಬದಲಿಸುವುದು ತಾಳ್ಮೆಯ ಕೆಲಸ. ಪಿನ್ನನ್ನು ಅಚ್ಚಿನಲ್ಲಿ ಹಿಡಿದಿರುವ ಬೆಣೆಯನ್ನು ಮೊದಲು ತೆಗೆಯಬೇಕು. ಗ್ರೀಸ್ ಕಾಣದ ಪಿನ್ನು ತುಕ್ಕು ಹಿಡಿದು ಎಷ್ಟು ಬಡಿದರೂ ಕದಲದಿರುವುದುಂಟು. ಅದು ಹೊರಬಂದ ಮೇಲೆ ಹೊಸ ಬುಷ್ಷನ್ನು ಒತ್ತಿ ಕೂರಿಸಿ, ಅದರ ಒಳಮೈಯನ್ನು ಪಿನ್ನಿನ ಅಳತೆಗೆ ಸರಿಯಾಗಿ ಹೆರೆಯಬೇಕು. ಬುಷ್ಷಿನ ರಂಧ್ರವು ಗ್ರೀಸ್ ಬರುವ ರಂಧ್ರಕ್ಕೆ ನೇರವಾಗಿ ಕೂಡಬೇಕು. ಇದೊಂದು ತಪ್ಪಿದರೆ, ಹೊರಗಿನಿಂದ ಎಷ್ಟು ಗ್ರೀಸ್ ತುಂಬಿದರೂ ಒಳಗೆ ಇಳಿಯದು. ಹೊಸ ಬುಷ್ ಹಳೆಯದಕ್ಕಿಂತ ಬೇಗ ಸವೆಯುವುದು.

‘ಒಂದು ಬದಿ ಮಾತ್ರ ಹಾಕಿ, ಇನ್ನೊಂದು ಮುಂದೆ ನೋಡೋಣ’ ಎನ್ನುವ ಮಾಲೀಕರುಂಟು. ಇದು ಉಳಿತಾಯವಲ್ಲ. ಒಂದು ಬದಿಯ ಪಟ್ಟಿಗಳು ಹೊಸವಾಗಿ ಇನ್ನೊಂದು ಬದಿಯವು ಸೋತಿದ್ದರೆ ಲಾರಿ ಒಂದು ಪಕ್ಕಕ್ಕೆ ವಾಲುತ್ತದೆ. ಹಿಗ್ಗಿದ ಹಳೆಯ ಯು ಬೋಲ್ಟುಗಳನ್ನೇ ಮತ್ತೆ ಬಿಗಿದರೆ ಅವು ಸಡಿಲವಾಗಿ ಅಚ್ಚು ಜಾಗ ಬಿಟ್ಟು ಸರಿಯಬಹುದು. ಹೊಸ ಬೋಲ್ಟುಗಳನ್ನಾದರೂ ಸ್ವಲ್ಪ ದೂರ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಯಲೇಬೇಕು. ಕೊನೆಗೆ ಎರಡು ಗಾಲಿಗಳೂ ಒಂದೇ ನೇರದಲ್ಲಿ ಓಡುವಂತೆ ಅಳೆದು ಹೊಂದಿಸಿದಾಗಲೇ ಕೆಲಸ ಮುಗಿಯಿತು.

ಈ ಭಾಗಗಳಾವುವೂ ದಾರಿಹೋಕರ ಕಣ್ಣಿಗೆ ಬೀಳುವುದಿಲ್ಲ. ಲಾರಿಗೆ ಹಚ್ಚಿದ ಬಣ್ಣವನ್ನು ಎಲ್ಲರೂ ನೋಡುತ್ತಾರೆ. ಬುಷ್ ಬದಲಿಸಿದ್ದನ್ನು ಹೊಗಳುವವರಿಲ್ಲ. ಆದರೂ ಘಾಟಿಯ ತಿರುವಿನಲ್ಲಿ ಎದುರಿನಿಂದ ಬರುವ ಬಸ್ಸಿನ ಪ್ರಯಾಣಿಕರೂ, ರಸ್ತೆಯ ಅಂಚಿನಲ್ಲಿ ನಡೆಯುವ ಶಾಲೆಯ ಮಕ್ಕಳೂ ತಮಗೆ ಅರಿವಿಲ್ಲದೆಯೇ ಆ ಕೀಲನ್ನು ನಂಬಿರುತ್ತಾರೆ. ಹೊರಡುವ ಮುನ್ನ ಕಡೆಗೀಲನ್ನು ಮುಟ್ಟಿ ನೋಡುತ್ತಿದ್ದ ರೈತನ ಎಚ್ಚರವು ಲಾರಿಯನ್ನು ನಡೆಸುವವನಿಗೂ, ಅದನ್ನು ದುರಸ್ತಿ ಮಾಡುವವನಿಗೂ ಇರಬೇಕಾದುದು ಆ ನಂಬಿಕೆಯ ಸಲುವಾಗಿ.