ಮಂಗನ ಕಾಯಿಲೆಯ ಕಾಲನಿರ್ಣಯ

ಗೇರುಸೊಪ್ಪೆಯ ಬಸದಿಗಳ ಕಾಲವನ್ನು ನಿರ್ಣಯಿಸಲು ನಮಗೆ ಶಾಸನಗಳೂ ಶಿಲ್ಪಗಳೂ ನೆರವಾಗುತ್ತವೆ. ಆದರೆ ಅದೇ ಶರಾವತಿಯ ಇಕ್ಕೆಲದ ಕಾಡುಗಳನ್ನು ಬಾಧಿಸುತ್ತಿರುವ ಮಂಗನ ಕಾಯಿಲೆಯು ಎಷ್ಟು ಹಳೆಯದು? ಇದನ್ನು ಹೇಳುವ ಶಾಸನವಿಲ್ಲ. ರೋಗದ ವೈರಸ್ಸೇ ಇಲ್ಲಿ ಆಧಾರಗ್ರಂಥ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಗುಂಪಾಗಿ ಸತ್ತವು. ಸುತ್ತಲಿನ ಜನರೂ ಜ್ವರಕ್ಕೆ ಬಲಿಯಾದರು. ಉಣುಗುಗಳ ಕಡಿತದಿಂದ ಹರಡುವ ಈ ರೋಗವು ಅನಂತರ ಹೊನ್ನಾವರ, ಭಟ್ಕಳ ತಾಲ್ಲೂಕುಗಳಲ್ಲಿಯೂ, 2012ರ ತರುವಾಯ ಬಂಡೀಪುರ, ವಯನಾಡು, ಗೋವೆಗಳಲ್ಲಿಯೂ ಕಾಣಿಸಿಕೊಂಡಿತು.

ಈ ವೈರಸ್ಸಿನ ಜೀನೋಮ್ ಸುಮಾರು 11,000 ಅಕ್ಷರಗಳ ಒಂದು ಬರಹವಿದ್ದಂತೆ. ಪ್ರತಿಯಾಗುವಾಗಲೆಲ್ಲ ಅದರಲ್ಲಿ ಅಲ್ಲಲ್ಲಿ ತಪ್ಪುಗಳು ನುಸುಳುತ್ತವೆ. ಓಲೆಪ್ರತಿಗಳ ಸ್ಖಾಲಿತ್ಯಗಳನ್ನು ಹೋಲಿಸಿ ಗ್ರಂಥಸಂಪಾದಕನು ಮೂಲಪ್ರತಿಯನ್ನು ಊಹಿಸುವಂತೆಯೇ, ವಿಜ್ಞಾನಿಯು ಈ ತಪ್ಪುಗಳಿಂದ ವೈರಸ್ಸಿನ ವಂಶವೃಕ್ಷವನ್ನು ರಚಿಸುತ್ತಾನೆ. ತಪ್ಪುಗಳು ಕೂಡುವ ವೇಗವು ತಿಳಿದರೆ ಮೂಲದ ಕಾಲವೂ ಗೋಚರವಾಗುತ್ತದೆ.

2009ರಲ್ಲಿ ಪ್ರಕಟವಾದ ಅಧ್ಯಯನವು 1957ರಿಂದ 2006ರವರೆಗಿನ 48 ಭಾರತೀಯ ವೈರಸ್ ಮಾದರಿಗಳನ್ನು ಪರಿಶೀಲಿಸಿತು. ಅವುಗಳಲ್ಲಿದ್ದ ಭೇದವು ಕೇವಲ ಶೇಕಡ 1.2. ಸೌದಿ ಅರೇಬಿಯದ ಸಜಾತೀಯ ವೈರಸ್ಸನ್ನೂ ಸೇರಿಸಿಕೊಂಡು, ಇವುಗಳ ಮೂಲವನ್ನು ಅದು ಸುಮಾರು 1942ಕ್ಕೆ ಕೊಂಡೊಯ್ದಿತು. ಆದರೆ 2011ರ ಇನ್ನೊಂದು ಅಧ್ಯಯನವು, ಪೂರ್ಣ ಜೀನೋಮ್‌ಗಳನ್ನು ಆಧರಿಸಿ, ಭಾರತ ಮತ್ತು ಅರೇಬಿಯದ ಶಾಖೆಗಳು ಅಗಲಿ ಸುಮಾರು 700 ವರ್ಷಗಳಾದುವೆಂದು ಸಾಧಿಸಿತು. ಮೊದಲನೆಯದನ್ನು ಒಪ್ಪಿದರೆ ಇದೊಂದು ಹೊಸ ರೋಗ. ಎರಡನೆಯದನ್ನು ಒಪ್ಪಿದರೆ ಈ ಕವಲು ಚೆನ್ನಭೈರಾದೇವಿಯ ಕಾಲಕ್ಕೂ ಹಿಂದಿನದು. ವೈರಸ್ಸು ಕಾಡಿನಲ್ಲಿ ಅಡಗಿದ್ದು, ಮನುಷ್ಯನು ಕಾಡನ್ನು ಹೊಕ್ಕು ಕಡಿದಾಗ ಹೊರಬಿದ್ದಿರಬಹುದು. ಆದರೆ ಕವಲೊಡೆದ ಕಾಲವು ತಿಳಿದ ಮಾತ್ರಕ್ಕೆ ಕವಲೊಡೆದ ಸ್ಥಳವು ತಿಳಿಯದು.

ಇದು ಕೇವಲ ಪಂಡಿತರ ವಿವಾದವಲ್ಲ. ಈ ಅಕ್ಷರಜ್ಞಾನದಿಂದಲೇ ಪಿ.ಸಿ.ಆರ್. ಪರೀಕ್ಷೆಯು ಜ್ವರದ ಮೊದಲ ದಿನಗಳಲ್ಲಿಯೇ ವೈರಸ್ಸನ್ನು ಗುರುತಿಸುತ್ತದೆ. ಹಳೆಯ ಲಸಿಕೆಯ ಬಳಕೆಯು 2022ರಲ್ಲಿ ನಿಂತುಹೋಗಿದೆ. ಹೊಸ ಲಸಿಕೆಯು ಇಂದು ಕಾಡಿನಲ್ಲಿರುವ ವೈರಸ್ಸಿಗೆ ಒಪ್ಪುವುದೋ ಇಲ್ಲವೋ ಎಂಬುದನ್ನು ಪರೀಕ್ಷಿಸಲೂ ಈ ಜ್ಞಾನವು ಅವಶ್ಯ.

ತೇದಿಯಿಲ್ಲದ ಶಾಸನದಿಂದ ಚರಿತ್ರಕಾರನಿಗಾಗುವ ಕಷ್ಟವು ನಮಗೆ ವಿದಿತವೇ ಆಗಿದೆ. ಸ್ಥಳ ಮತ್ತು ವರ್ಷಗಳನ್ನು ಗುರುತಿಸದ ಮಾದರಿಯೂ ಅಂತೆಯೇ ಅರ್ಧ ಮೂಕ. ಆದುದರಿಂದ, ತೋಟಕ್ಕೆ ಸೊಪ್ಪು ತರಲು ಹೋದ ರೈತನು ಸತ್ತ ಮಂಗವನ್ನು ಕಂಡು, ಅದನ್ನು ಮುಟ್ಟದೆ, ಆರೋಗ್ಯ ಕೇಂದ್ರಕ್ಕೆ ಒಡನೆಯೇ ತಿಳಿಸುವುದು ರೋಗನಿವಾರಣೆಯ ಮೊದಲ ಹೆಜ್ಜೆ ಮಾತ್ರವಲ್ಲ, ಈ ಚರಿತ್ರೆಯ ಮೊದಲ ದಾಖಲೆಯೂ ಹೌದು.