ಕಪ್ಪು-ಬಿಳುಪಿನ ಪ್ರಣಯಕ್ಕೆ ವರ್ಣದ ಭಿತ್ತಿಪತ್ರ

ಮುಂಬಯಿ ಕನ್ನಡಿಗರ ಸಾಧನೆಯನ್ನು ಮುಖ್ಯವಾಗಿ ಸಾಹಿತ್ಯ, ರಂಗಭೂಮಿಗಳ ನೆಲೆಯಲ್ಲಿ ಗುರುತಿಸುವುದು ವಾಡಿಕೆ. ಚಲನಚಿತ್ರದ ಭಿತ್ತಿಪತ್ರಕಲೆಯೂ ಈ ದೃಷ್ಟಿಯಿಂದ ಪರಿಶೀಲನಾರ್ಹ. ಕಲಬುರಗಿಯಲ್ಲಿ ಜನಿಸಿ ಮುಂಬಯಿಯನ್ನು ಕರ್ಮಭೂಮಿಯಾಗಿಸಿಕೊಂಡ ಎಸ್. ಎಂ. ಪಂಡಿತರು (1916–1993) ‘ಫಿಲ್ಮ್ ಇಂಡಿಯಾ’ ಪತ್ರಿಕೆಗೆ ಮುಖಪುಟಗಳನ್ನೂ ಅನೇಕ ಹಿಂದಿ ಚಿತ್ರಗಳಿಗೆ ಭಿತ್ತಿಪತ್ರಗಳನ್ನೂ ರಚಿಸಿದರು. 1949ರ ‘ಬರ್ಸಾತ್’ ಚಿತ್ರದ ಭಿತ್ತಿಪತ್ರ ಅವುಗಳಲ್ಲೊಂದು.

ರಾಜ್ ಕಪೂರ್, ನರ್ಗಿಸ್ ಅಭಿನಯಿಸಿದ ಆ ಪ್ರಣಯಕಥೆ ಕಪ್ಪು-ಬಿಳುಪಿನದು. ತುಟಿಯ ಕೆಂಪಾಗಲಿ ಮುಗಿಲ ನೀಲಿಯಾಗಲಿ ಪರದೆಯ ಮೇಲೆ ಇರಲಿಲ್ಲ. ಇಂಥ ಚಿತ್ರಗಳ ವರ್ಣಯೋಜನೆ ಕಲಾವಿದನ ಕಲ್ಪನೆಗೇ ಸೇರಿದ್ದು. ಕಥೆಯನ್ನು ಬಿಚ್ಚಿಡದೆ ಅದರ ಸ್ಥಾಯೀಭಾವವನ್ನು ಒಂದೇ ನೋಟದಲ್ಲಿ ಮುಟ್ಟಿಸುವುದು ಅವನ ಹೊಣೆ. ಅಕ್ಷರ ಬಾರದ ದಾರಿಹೋಕನೂ ಅದನ್ನು ಗ್ರಹಿಸಬೇಕಿತ್ತು. ಹೀಗಾಗಿ ಭಿತ್ತಿಪತ್ರವು ಚಿತ್ರದ ಪ್ರತಿಬಿಂಬವಲ್ಲ, ಅದರ ವ್ಯಾಖ್ಯಾನ.

ಆದರೆ ಗೋಡೆಗೆ ಅಂಟಿಸಿದ ಪ್ರತಿ ಮಳೆಗೆ ತೊಯ್ದು ಹರಿಯುತ್ತಿತ್ತು, ಇಲ್ಲವೆ ಮುಂದಿನ ಚಿತ್ರದ ಹಾಳೆಯಡಿ ಮರೆಯಾಗುತ್ತಿತ್ತು. ಗಣಕಯಂತ್ರದ ಮುದ್ರಣ ಬಂದ ಮೇಲೆ ಕುಂಚದ ಕಸುಬೇ ಕ್ಷೀಣಿಸಿತು. ಅಳಿದುಳಿದ ಹಾಳೆಗಳನ್ನು ಆಕರವೆಂದು ಪರಿಗಣಿಸದಿದ್ದರೆ ಹೊರನಾಡ ಕನ್ನಡಿಗರ ಸಾಂಸ್ಕೃತಿಕ ಚರಿತ್ರೆಯ ಒಂದು ಅಧ್ಯಾಯ ಬರೆಯುವ ಮೊದಲೇ ಅಳಿಸಿಹೋದೀತು.